ಮ್ಯಾಕ್ರೊಫೇಜ್‌ಗಳನ್ನು ಬರೀ ಹೀರೋ ಮಾಡಬೇಡಿ

ನಮಸ್ಕಾರ.

ರೋಗಾಣುಗಳನ್ನು, ಸತ್ತ ಕೋಶಗಳನ್ನು ನುಂಗುವ ರಕ್ಷಣಾ ಕೋಶಗಳಾದ ಮ್ಯಾಕ್ರೊಫೇಜ್‌ಗಳ ಬಗ್ಗೆ ನೀವು ಬರೆದ 'ದೇಹದ ವೀರ ಸೈನಿಕರು' ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಬಿಟ್ಟುಬಿಡಬೇಡಿ, ತಿದ್ದಿದರೆ ನಿಲ್ಲುತ್ತದೆ.

ಮ್ಯಾಕ್ರೊಫೇಜ್ ಕ್ಯಾನ್ಸರ್ ಕೋಶವನ್ನು ಹಿಡಿದು ನುಂಗುತ್ತದೆ, ರೋಗ ಸೋಲುತ್ತದೆ. ನೀವು ಹೇಳಿದ್ದು ಇಷ್ಟೇ, ಅಲ್ವಾ? ಗಡ್ಡೆ ಸುಮ್ನೆ ಕೂತು ನುಂಗಿಸಿಕೊಳ್ಳುವುದಿಲ್ಲ. ಸಿಎಸ್‌ಎಫ್-1, ಸಿಸಿಎಲ್-2ರಂಥ ಪ್ರೋಟೀನ್‌ಗಳನ್ನು ಹೊರಬಿಟ್ಟು ರಕ್ತದಲ್ಲಿರುವ, ಬಿಳಿ ರಕ್ತಕಣಗಳ ಒಂದು ಬಗೆಯಾದ ಮೊನೊಸೈಟ್‌ಗಳನ್ನು ತಾನೇ ಕರೆಸಿಕೊಳ್ಳುತ್ತದೆ. ಅವು ಒಳಗೆ ಬಂದು ಮ್ಯಾಕ್ರೊಫೇಜ್ ಆಗುತ್ತವೆ. ಆಮೇಲೆ ಎಷ್ಟೋ ಸಲ ಗಡ್ಡೆಯ ಚಾಕರಿಗೇ ನಿಲ್ಲುತ್ತವೆ. ಅದಕ್ಕೆ ಹೊಸ ರಕ್ತನಾಳ ಬೆಳೆಸಿಕೊಡುತ್ತವೆ, ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ ಕೋಶಗಳ ಕೈ ಕಟ್ಟಿಹಾಕುತ್ತವೆ. ಬೇಲಿಯೇ ಎದ್ದು ಹೊಲ ಮೇಯುವ ಈ ಕಥೆ ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲ.

ಮೂರನೇ ಪುಟದಲ್ಲಿ ಸಿಡಿ47 ಎಂಬ ಪ್ರೋಟೀನ್ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ನನಗೆ ಹಿಡಿಸಿದ್ದು ಅದೇ. ಕ್ಯಾನ್ಸರ್ ಕೋಶದ ಮೈಮೇಲೆ ಈ ಪ್ರೋಟೀನ್ ಜಾಸ್ತಿ ಇರುತ್ತದೆ. ಮ್ಯಾಕ್ರೊಫೇಜ್ ಮೇಲಿನ ಸಿರ್ಪ್-ಆಲ್ಫಾ ಎಂಬ ಪ್ರೋಟೀನ್ ಇದಕ್ಕೆ ತಾಗಿದರೆ 'ನನ್ನನ್ನು ತಿನ್ನಬೇಡ' ಎಂಬ ಸೂಚನೆ ಹೋಗುತ್ತದೆ, ನುಂಗುವುದು ನಿಲ್ಲುತ್ತದೆ. ಹಾಗಾದರೆ ಸಿಡಿ47 ತಡೆದರೆ ಆಯ್ತಲ್ಲ ಅಂತ ಓದುಗರು ಕೇಳುತ್ತಾರೆ. ಕೇಳಲಿ. ಆಮೇಲೆ ತೊಡಕು ಹೇಳಿ: ಕೆಂಪು ರಕ್ತಕಣಗಳ ಮೇಲೂ ಅದೇ ಪ್ರೋಟೀನ್ ಇದೆ, ತಡೆದರೆ ರಕ್ತಹೀನತೆ ಬರಬಹುದು. ಸಿಡಿ47 ತಡೆಯುವ ಇದೇ ದಾರಿ ಹಿಡಿದ ಔಷಧಿ ಮ್ಯಾಗ್ರೊಲಿಮ್ಯಾಬ್‌ನ ದೊಡ್ಡ ಪ್ರಯೋಗಗಳು 2023-24ರಲ್ಲಿ ಒಂದೊಂದಾಗಿ ನಿಂತುಹೋದವು. ನೀವು ಅದನ್ನೇ 'ಸದ್ಯದಲ್ಲೇ ಬರಲಿರುವ ಮದ್ದು' ಎಂದಿದ್ದೀರಿ. ಚಿಕಿತ್ಸೆಯಲ್ಲಿರುವವರೂ ಇದನ್ನು ಓದುತ್ತಾರೆ. ಮದ್ದಿನ ಆ ಮಾತು ಹೋಗಲೇಬೇಕು.

ರೋಗಪತ್ತೆಯ ಭಾಗ ಚಿಕ್ಕದಾಗಿದ್ದರೂ ಪರವಾಗಿಲ್ಲ, ಅರ್ಧಕ್ಕೆ ನಿಲ್ಲಬಾರದು. ಬಯಾಪ್ಸಿ ಚೂರಿನಲ್ಲಿ (ಪರೀಕ್ಷೆಗೆ ಗಡ್ಡೆಯಿಂದ ತೆಗೆದ ತುಣುಕಿನಲ್ಲಿ) ಸಿಡಿ68 ಎಂಬ ಪ್ರೋಟೀನ್‌ನ ಗುರುತು ನೋಡಿ ಮ್ಯಾಕ್ರೊಫೇಜ್ ಎಣಿಸುತ್ತಾರೆ ಎಂದಿರಿ, ಸರಿ. ಜಾಸ್ತಿ ಇದ್ದರೆ ಒಳ್ಳೆಯದೋ ಕೆಟ್ಟದ್ದೋ? ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್‌ನಲ್ಲಿ ಕೆಟ್ಟ ಸೂಚನೆ ಎಂದು 2010ರಲ್ಲಿ ಬಂದ ಅಧ್ಯಯನ ಹೇಳಿತು. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಕೆಲವು ಅಧ್ಯಯನಗಳು ಪೂರ್ತಿ ಉಲ್ಟಾ.

ಮ್ಯಾಕ್ರೊಫೇಜ್‌ಗಳನ್ನು ಗಡ್ಡೆಯ ಮೇಲೆ ಹೋರಾಡುವ ಎಂ1, ಅದಕ್ಕೆ ನೆರವಾಗುವ ಎಂ2 ಎಂದು ಎರಡಾಗಿ ಒಡೆದು ಮಾಡಿದ 'ಎಂ1 ಒಳ್ಳೆಯದು, ಎಂ2 ಕೆಟ್ಟದ್ದು' ಎಂಬ ಪಟ್ಟಿ ತೆಗೆಯಿರಿ. ಅದು ಪಾಠ ಹೇಳುವವರ ಅನುಕೂಲಕ್ಕೆ. ಗಡ್ಡೆಯೊಳಗೆ ಒಂದೇ ಕೋಶದಲ್ಲಿ ಎರಡರ ಗುಣವೂ ಕಾಣಬಹುದು.

ನುಂಗುವ ಕೋಶಗಳ ಕೆಲಸವನ್ನು ಮೊದಲು ಕಂಡುಕೊಂಡ ವಿಜ್ಞಾನಿ ಮೆಚ್ನಿಕಾಫ್ 1882ರಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ನೋಡಿದ ಪ್ರಸಂಗ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಪುಟ ಯಾಕೆ? ನಾಲ್ಕು ಸಾಲು ಸಾಕು. ಉಳಿದ ಜಾಗ ಸಿಡಿ47ಕ್ಕೆ ಕೊಡಿ.