ಜಿಡಿಬಿ ಆಗಾಗ ಕ್ರ್ಯಾಶ್ ಆದರೆ ಎಲ್ಲಿಂದ ಹುಡುಕಬೇಕು?

ಸಿ ಪ್ಲಸ್ ಪ್ಲಸ್ ಕೋಡ್ ಬ್ರೇಕ್‌ಪಾಯಿಂಟಿನಲ್ಲಿ (ನಿಲ್ಲಿಸಿ ನೋಡಲು ಗುರುತು ಹಾಕಿದ ಸಾಲಿನಲ್ಲಿ) ನಿಂತಾಗ ಒಮ್ಮೊಮ್ಮೆ ಜಿಡಿಬಿಯೇ, ಅಂದರೆ ಕೋಡಿನ ತಪ್ಪು ಹುಡುಕುವ ಡಿಬಗ್ಗರೇ, ಬಿದ್ದುಹೋಗುತ್ತದೆ ಅಂದಿರಿ. ಮೊದಲು ಅದನ್ನು ‘-ಎನ್‌ಎಕ್ಸ್’ ಆಯ್ಕೆ ಕೊಟ್ಟು ಶುರು ಮಾಡಿ. ಆಗ ಇನಿಟ್ ಫೈಲುಗಳನ್ನು (ಶುರುವಾಗುವಾಗ ಓಡುವ ಸೆಟ್ಟಿಂಗ್ ಫೈಲುಗಳನ್ನು) ಅದು ಓದುವುದಿಲ್ಲ. ಕ್ರ್ಯಾಶ್ ನಿಂತರೆ ಆ ಫೈಲುಗಳನ್ನೇ ನೋಡಬೇಕು.

ನಿಲ್ಲಲಿಲ್ವಾ? ನನ್ನ ಅನುಮಾನ ಪ್ರೆಟಿ ಪ್ರಿಂಟರ್ ಮೇಲೆ, ಅಂದರೆ ಮೌಲ್ಯಗಳನ್ನು ಓದಲು ಸುಲಭವಾಗುವಂತೆ ತೋರಿಸುವ ಭಾಗದ ಮೇಲೆ. ಇನ್ನೂ ಇನಿಷಿಯಲೈಸ್ ಆಗದ (ಮೊದಲ ಮೌಲ್ಯ ಸಿಗದ) ವೆಕ್ಟರ್‌ನಲ್ಲಿ, ಅಂದರೆ ಮೌಲ್ಯಗಳ ಪಟ್ಟಿಯಲ್ಲಿ, ಬರೀ ಕಸದ ಮೌಲ್ಯ ಇರುತ್ತದೆ. ಎಡಿಟರಿನಲ್ಲಿ ಆ ಹೊತ್ತಿನ ವೇರಿಯಬಲ್‌ಗಳನ್ನು ತೋರಿಸುವ ಲೋಕಲ್ಸ್ ಕಿಟಕಿ ನೀವು ಕೇಳದಿದ್ದರೂ ಅದನ್ನು ತೋರಿಸಲು ಹೋಗುತ್ತದೆ. ವೆಕ್ಟರಿನ ಉದ್ದ ಕೋಟಿಗಟ್ಟಲೆ ಅಂತ ಕಂಡರೆ ಜಿಡಿಬಿಗೆ ಮೆಮೊರಿ ಸಾಲದೆ ಹೋಗಬಹುದು. ಕಸ ಪ್ರತಿ ಸಲ ಬೇರೆ ಅಲ್ವಾ, ಅದಕ್ಕೇ ಕ್ರ್ಯಾಶ್‌ಗೂ ಲೆಕ್ಕ ಸಿಗುವುದಿಲ್ಲ. ‘ಡಿಸೇಬಲ್ ಪ್ರೆಟಿ-ಪ್ರಿಂಟರ್’ ಕೊಟ್ಟು ನೋಡಿ.

ಆಗಲೂ ಬಿದ್ದರೆ ಒಂದು ಜಿಡಿಬಿಯೊಳಗೆ ಇನ್ನೊಂದನ್ನು ಓಡಿಸಿ, ಬಿದ್ದ ಜಾಗದ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್‌ಗಳ ಮೂಲಕ ಅಲ್ಲಿಗೆ ಬಂತು ಎಂಬ ಪಟ್ಟಿ) ತೆಗೆಯಿರಿ.