ಬರಿಗೈಲಿ ಹೋದ ಗಿರಾಕಿಗಳ ಲೆಕ್ಕ

"ಕಾಯಿಲೆ ಏನೂ ಇಲ್ಲ ಮೇಡಂ. ಷಟರ್ ಎತ್ತೋಕೆ ಮಾತ್ರ ಕೈ ಏಳಲ್ಲ."

ದಾವಣಗೆರೆ ಚೌಕಿಪೇಟೆ ಕಡೆಯ ಬಟ್ಟೆ ವ್ಯಾಪಾರಿ, ವಯಸ್ಸು ನಲವತ್ತರ ಮೇಲೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಮನಸ್ಸಿನ ಕಷ್ಟಕ್ಕೆ ಸಲಹೆ ಕೇಳಿಕೊಂಡು ಅವರು ನನ್ನ ಹತ್ತಿರ ಬಂದಿದ್ದು 2024ರ ಬೇಸಿಗೆಯಲ್ಲಿ. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223 ಬರದ ಪಟ್ಟಿ ಸೇರಿದ್ದವು. ಮೆಕ್ಕೆಜೋಳದ ದುಡ್ಡು ರೈತರ ಕೈಗೆ ಬಂದರೆ ತಾನೇ ನಮ್ಮೂರಲ್ಲಿ ಸೀರೆ ಮಾರೋದು?

ರಾತ್ರಿ ಎರಡಕ್ಕೆ ಎಚ್ಚರ. ಹಗಲು ಗಲ್ಲಾದಲ್ಲಿ ಕೂತು ಮೊಬೈಲ್. ಬ್ಯಾಂಕಿನ ಫೋನ್ ಬಂದರೆ ಎತ್ತಲ್ಲ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋ ಭಯ ಸುಳ್ಳು. "ಸಾಯೋದಲ್ಲ, ಎಲ್ಲಾದರೂ ಹೋಗಿಬಿಡೋಣ ಅನ್ಸುತ್ತೆ" ಅಂದರು. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ಹೆಂಡತಿಗೂ ಒಂದು ಮಾತು ಹೇಳಿ ಅಂದೆ. ಅದಕ್ಕೆ ಅವರು ಒಪ್ಪೋಕೆ ಮೂರು ವಾರ ಬೇಕಾಯಿತು.

ಹುರುಪು ಬಂದ ಮೇಲೆ ಕೆಲಸ ಮಾಡ್ತೀನಿ ಅಂತ ಅವರು ಕಾಯುತ್ತಿದ್ದರು. ಅದು ಹಾಗೆ ಬರಲ್ಲ. ಚಿಕ್ಕದೊಂದು ಕೆಲಸಕ್ಕೆ ಕೈ ಹಾಕಿದರೆ ಹಿಂದೆಯೇ ಬರುತ್ತೆ. ಅದಕ್ಕೇ ಎರಡು ಕೆಲಸ ಕೊಟ್ಟೆ. ಒಂದು, ಈ ವಾರವೇ ಬ್ಯಾಂಕಿಗೆ ಹೋಗಿ. ಕಂತು ಬಾಕಿ ಬಿದ್ದು 90 ದಿನ ದಾಟಿದರೆ ಸಾಲ ‘ಕಟ್ಟದೆ ನಿಂತಿದ್ದು’ ಅನ್ನೋ ಎನ್‌ಪಿಎ ಲೆಕ್ಕಕ್ಕೆ ಹೋಗುತ್ತೆ, ಅದಕ್ಕೆ ಮುಂಚೆ ಮಾತಾಡಿದರೆ ದಾರಿ ಜಾಸ್ತಿ. ಇನ್ನೊಂದು, ಏನೂ ಕೊಳ್ಳದೆ ಹೋದವರು ಏನು ಕೇಳಿದರು ಅಂತ ಬರೆದಿಡಿ. ಹದಿನೈದು ದಿನ ಸಾಕು.

"ಮಾರಿದ್ದೇ ಬರೆಯೋಕಿಲ್ಲ, ಇದೇನು ಮೇಡಂ?" ಅಂತ ನಕ್ಕರು. ಅವರು ನಕ್ಕಿದ್ದು ನಾನು ನೋಡಿದ್ದು ಅವತ್ತೇ ಮೊದಲು.

ಉದ್ರಿ ಪುಸ್ತಕದ ಹಿಂಬದಿಯಲ್ಲೇ ಬರೆದು ತಂದರು. ನೀಲಿ ಇಂಕು, ಪುಟಕ್ಕೆ ಎಣ್ಣೆ ಕಲೆ; ಬರೆಯುವಾಗ ಮಿರ್ಚಿ ಮಂಡಕ್ಕಿ ನಡೆದಿತ್ತು ಅಂತ ಕಾಣುತ್ತೆ. "ಜಿಪ್ ಹಾಕಿಕೊಡ್ತೀರಾ." "ಯೂನಿಫಾರಂ ಉದ್ದ ಬಿಡಿಸಬೇಕು." "ಫಾಲ್ ಮಾತ್ರ." "ಅಮ್ಮನ ಸೀರೇಲಿ ಮಗಳಿಗೆ ಲಂಗ." ಒಟ್ಟು 41 ಜನ, ಅದರಲ್ಲಿ 17 ಮಂದಿ ಕೇಳಿದ್ದು ಇಂಥದ್ದೇ. ಕೈಯಲ್ಲಿ ಕಾಸಿಲ್ಲದಾಗ ಜನ ಬಟ್ಟೆ ಬಿಡಲ್ಲ, ಇರೋದನ್ನೇ ಸರಿಮಾಡಿಸಿಕೊಳ್ತಾರೆ. ಅಂಥವರು ದಿನಾ ಇವರ ಅಂಗಡಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು.

ಹಾಗಾದರೆ ಅಂಗಡೀಲೇ ಇಂಥ ಹೊಲಿಗೆ ಶುರು ಮಾಡಿ ಅಂದರೆ ಅವರು ಒಪ್ಪಲಿಲ್ಲ. "ನಮ್ಮಪ್ಪ ಕಟ್ಟಿದ ಅಂಗಡಿ. ನಾನು ಹರಿದ ಬಟ್ಟೆ ಹೊಲಿಸ್ಲಾ?" ಅಪ್ಪ ಅಂಗಡಿ ಮಾಡೋಕೆ ಮುಂಚೆ ಏನು ಮಾಡ್ತಿದ್ದರು ಅಂದೆ. ಕಾಟನ್ ಮಿಲ್ಲಲ್ಲಿದ್ದರಂತೆ. ಮಿಲ್ಲು ಮುಚ್ಚಿದ ಮೇಲೆ ಸೈಕಲ್ಲಿಗೆ ಗಂಟು ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತಿ ತುಂಡು ಬಟ್ಟೆ ಮಾರಿದರಂತೆ. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು. ನಾನೂ ಮಾತಾಡಲಿಲ್ಲ.

ಹೊಸ ಸಾಲ ಮಾತ್ರ ಬೇಡವೇ ಬೇಡ ಅಂದೆ. ಮನೇಲಿ ಮೂಲೆಗೆ ಬಿದ್ದಿದ್ದ ಹೆಂಡತಿಯ ಮಿಷನ್ನೇ ಅಂಗಡಿಗೆ ಬಂತು. ಹೊಲಿಗೆ ಆಕೆಯದು, ಕೂಲಿಯ ದುಡ್ಡಿಗೆ ಬೇರೆ ಡಬ್ಬಿ. ಅದು ಗಲ್ಲಾಕ್ಕೆ ಬೆರೆಯಬಾರದು ಅಂತ ನಾನೇ ಹಟ ಮಾಡಿದೆ.

ರೇಷ್ಮೆ ಸೀರೆಯ ರ‍್ಯಾಕು ಇನ್ನೂ ಅಲುಗಿಲ್ಲ, ಕೈಸಾಲವೂ ಬಾಕಿ ಇದೆ. ಹೋದ ಸಲ ಬಂದಾಗ ಅವರ ದೂರು ಬೇರೆಯೇ ಇತ್ತು: "ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚೋಣ ಅಂದ್ರೆ ಆ ಮಿಷನ್ ಸದ್ದು ಬಿಡಲ್ಲ ಮೇಡಂ."