ನೆರೆ ಬಂದಾಗ ಮೊದಲು ಬರುವವರು ನೆರೆಯವರೇ

ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಗಾರು ಇನ್ನೂ ಕೆಲವು ವಾರ ದೂರವಿರುವಾಗಲೇ ನೆರೆ, ಗುಡ್ಡ ಕುಸಿತ ಮತ್ತು ಸ್ವಯಂಸೇವಕರ ಕೆಲಸದ ಕುರಿತು ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಮೊದಲ ಉತ್ತರ ಉದ್ದವಾಗಿದೆ, ಏಕೆಂದರೆ ಉಳಿದ ನಾಲ್ಕಕ್ಕೂ ಅದೇ ಆಧಾರ.

ಪ್ರಶ್ನೆ: ನಮ್ಮದು ರಾಮದುರ್ಗ ತಾಲ್ಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲಿನ ಊರು. 2019ರಲ್ಲಿ ಊರೊಳಗೆ ನೀರು ನುಗ್ಗಿತ್ತು. ಈ ಮಳೆಗಾಲಕ್ಕೆ ಮೊದಲೇ ಏನಾದರೂ ಸಿದ್ಧತೆ ಮಾಡಿಕೊಳ್ಳಬೇಕೆಂದು ನಮ್ಮ ಯುವಕ ಸಂಘದವರು ಹೇಳುತ್ತಿದ್ದಾರೆ, ಆದರೆ ನಮ್ಮ ಬಳಿ ಹಣವಿಲ್ಲ, ದೋಣಿಯಿಲ್ಲ. ಎಲ್ಲಿಂದ ಆರಂಭಿಸಬೇಕು?
— ಒಬ್ಬ ಶಾಲಾ ಶಿಕ್ಷಕಿ, ರಾಮದುರ್ಗ ತಾಲ್ಲೂಕು

ಉತ್ತರ: ಒಂದು ನೂರು ಪುಟದ ನೋಟುಬುಕ್ಕಿನಿಂದ ಆರಂಭಿಸಿ. ಮೊದಲ ತಿಂಗಳಿಗೆ ಅದಕ್ಕಿಂತ ಹೆಚ್ಚಿನ ಬಂಡವಾಳ ಬೇಕಿಲ್ಲ. ನೀರು ಊರಿಗೆ ನುಗ್ಗಿದ ಮೇಲೆ ತಾಲ್ಲೂಕಿನಿಂದ ದೋಣಿ ಬರುವುದಕ್ಕೆ, ಅಗ್ನಿಶಾಮಕ ದಳದವರೋ ಎನ್‌ಡಿಆರ್‌ಎಫ್ ತಂಡದವರೋ ತಲುಪುವುದಕ್ಕೆ, ಅವರು ಎಷ್ಟೇ ತ್ವರೆ ಮಾಡಿದರೂ ಕೆಲವು ತಾಸುಗಳು ಹಿಡಿಯುತ್ತವೆ. ರಸ್ತೆ ಮುಳುಗಿದ್ದರೆ ಇನ್ನೂ ತಡವಾಗುತ್ತದೆ. ಆ ತಾಸುಗಳಲ್ಲಿ ಹಾಸಿಗೆಯಿಂದ ಏಳಲಾಗದ ಅಜ್ಜಿಯನ್ನು ಹೊತ್ತು ತರುವವನು ಪಕ್ಕದ ಮನೆಯ ಹುಡುಗನೇ. ಅಂಥ ಅಜ್ಜಿ ಯಾವ ಮನೆಯಲ್ಲಿದ್ದಾರೆ, ಅವರನ್ನು ಹೊರುವವರು ಯಾರು, ಯಾವ ಓಣಿಯಿಂದ ಹೊರಗೆ ತರಬೇಕು ಎಂಬುದನ್ನು ಒಣ ದಿನಗಳಲ್ಲೇ ಬರೆದಿಟ್ಟುಕೊಂಡಿದ್ದರೆ ಕತ್ತಲಲ್ಲಿ, ಮಳೆಯಲ್ಲಿ, ಕರೆಂಟು ಇಲ್ಲದ ಹೊತ್ತಿನಲ್ಲಿ ಹುಡುಕಾಡಬೇಕಾಗುವುದಿಲ್ಲ.

ಮನೆ ಮನೆಗೆ ಹೋಗಿ ಕೇಳಿ. ನಡೆಯಲಾಗದ ಹಿರಿಯರು, ತುಂಬು ಗರ್ಭಿಣಿಯರು, ಬಾಣಂತಿಯರು, ಅಂಗವಿಕಲರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು, ದಿನವೂ ಇನ್ಸುಲಿನ್ ತೆಗೆದುಕೊಳ್ಳುವವರು, ಒಬ್ಬರೇ ವಾಸಿಸುವವರು, ಇವರೆಲ್ಲರ ಹೆಸರು ನೋಟುಬುಕ್ಕಿನಲ್ಲಿ ಇರಲಿ. ಊರಲ್ಲಿ ಯಾರ ಬಳಿ ಟ್ರ್ಯಾಕ್ಟರ್ ಇದೆ, ಉದ್ದನೆಯ ಹಗ್ಗ ಇದೆ, ಜನರೇಟರ್ ಇದೆ, ಯಾರಿಗೆ ಚೆನ್ನಾಗಿ ಈಜು ಬರುತ್ತದೆ, ನಿವೃತ್ತ ನರ್ಸ್ ಅಥವಾ ಸೈನಿಕರು ಯಾರಿದ್ದಾರೆ ಎಂಬುದೂ ಬೇಕು. ಆಶಾ ಕಾರ್ಯಕರ್ತೆಯರಿಗೆ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಈ ಮಾಹಿತಿಯ ಅರ್ಧ ಈಗಾಗಲೇ ಗೊತ್ತಿರುತ್ತದೆ, ಹಾಗಾಗಿ ಅವರನ್ನು ಮೊದಲ ದಿನವೇ ಜೊತೆಗೆ ಕರೆದುಕೊಳ್ಳಿ. ಬಳಿಕ ಹತ್ತು ಮನೆಗಳಿಗೆ ಇಬ್ಬರಂತೆ ಹೊಣೆ ಹಂಚಿರಿ. ಒಬ್ಬರೇ ಸಾಲದು, ಯಾಕೆಂದರೆ ಬೇಕಾದ ದಿನವೇ ಆ ಒಬ್ಬರು ಸಂತೆಗೋ ಮದುವೆಗೋ ಹೋಗಿರಬಹುದು.

ಎರಡನೆಯದು ಹೊಳೆಯ ಲೆಕ್ಕ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಮಳೆ ಸುರಿಯುವುದು ಆ ಘಟ್ಟದ ಕಾಡಿನಲ್ಲಿ. ನೀರು ನಿಲ್ಲುವುದು ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಲ್ಲಿ. ನಿಮ್ಮ ಊರಿನ ಮೇಲೆ ಬಿಸಿಲು ಕಾಯುತ್ತಿರುವಾಗಲೂ ಹೊಳೆ ಏರಬಹುದು ಎಂಬುದು ನಿಮ್ಮ ಹಿರಿಯರಿಗೆ ಗೊತ್ತು, ಈಗಿನ ಮಕ್ಕಳಿಗೆ ಹೇಳಿಕೊಡಬೇಕು. ಅಣೆಕಟ್ಟಿನಿಂದ ಇಷ್ಟು ಸಾವಿರ ಕ್ಯೂಸೆಕ್ ಹೊರಹರಿವು ಎಂದು ಪ್ರಕಟಣೆ ಬಂದಾಗ ಹೆಚ್ಚಿನವರಿಗೆ ಅದು ಬರೀ ಅಂಕಿಯಾಗಿ ಕೇಳಿಸುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್; 50,000 ಕ್ಯೂಸೆಕ್ ಎಂದರೆ ಪ್ರತಿ ಸೆಕೆಂಡಿಗೆ ಸುಮಾರು 14 ಲಕ್ಷ ಲೀಟರ್ ನೀರು. ಆದರೆ ಊರಿಗೆ ಬೇಕಾದದ್ದು ಈ ಲೆಕ್ಕಕ್ಕಿಂತಲೂ ಇದರ ಅನುವಾದ: ಎಷ್ಟು ಬಿಟ್ಟರೆ ಹೊಳೆಯ ದಾರಿ ಮುಳುಗುತ್ತದೆ, ಎಷ್ಟಕ್ಕೆ ಕೆಳಗಿನ ಓಣಿಗೆ ನೀರು ಬರುತ್ತದೆ, ಎಷ್ಟಕ್ಕೆ ಗುಡಿಯ ಮೆಟ್ಟಿಲು ಮುಟ್ಟುತ್ತದೆ, ಬಿಟ್ಟ ನೀರು ಊರು ತಲುಪಲು ಎಷ್ಟು ತಾಸು ಹಿಡಿಯುತ್ತದೆ. ಇದನ್ನು ಹಿರಿಯರ ನೆನಪಿನಿಂದಲೂ ನೀರಾವರಿ ಇಲಾಖೆಯ ಎಂಜಿನಿಯರರಿಂದಲೂ ಕೇಳಿ ತಿಳಿದು, 2019ರ ನೀರಿನ ಮಟ್ಟವನ್ನು ಗುಡಿಯ ಗೋಡೆಯ ಮೇಲೋ ಶಾಲೆಯ ಗೋಡೆಯ ಮೇಲೋ ಎಣ್ಣೆ ಬಣ್ಣದಲ್ಲಿ ಗೆರೆ ಎಳೆದು ವರ್ಷ ಬರೆಯಿರಿ. ದಿನವೂ ಶಾಲೆಗೆ ಬರುವ ಮಕ್ಕಳ ಕಣ್ಣಿಗೆ ಆ ಗೆರೆ ಬೀಳುತ್ತಿರಲಿ.

ಇನ್ನು ದನಕರುಗಳ ವಿಚಾರ. 2019ರ ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಒಂದು ಪರಿಹಾರ ಕೇಂದ್ರದಲ್ಲಿ ನಾನು ಹನ್ನೆರಡು ದಿನ ಕೆಲಸ ಮಾಡಿದೆ. ಮನೆ ಬಿಟ್ಟು ಬರಲು ಒಪ್ಪದ ಜನರನ್ನು ಹೊರಗಿನವರು ಹಟಮಾರಿಗಳೆಂದು ಕರೆಯುವುದನ್ನು ಕೇಳಿ ಬೇಸರವಾಗುತ್ತಿತ್ತು. ಒಬ್ಬ ರೈತರು ಎರಡು ದಿನ ಮಾಳಿಗೆಯ ಮೇಲೆ ಉಳಿದದ್ದು ಎರಡು ಎತ್ತು ಮತ್ತು ಒಂದು ಗಬ್ಬದ ಎಮ್ಮೆಗಾಗಿ. ಅವನ್ನು ಕಟ್ಟಲು ಎತ್ತರದಲ್ಲಿ ಜಾಗವಿದೆ, ಮೇವಿದೆ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಅವರು ಮೊದಲ ದಿನವೇ ಹೊರಡುತ್ತಿದ್ದರು. ಆದ್ದರಿಂದ ಜನರನ್ನು ಸೇರಿಸುವ ಜಾಗ ಗೊತ್ತು ಮಾಡುವಾಗಲೇ ದನಗಳ ಜಾಗವನ್ನೂ ಗೊತ್ತು ಮಾಡಿ, ಜನರಿಗಿಂತ ಅರ್ಧ ದಿನ ಮುಂಚೆ ದನಗಳನ್ನು ಸಾಗಿಸಿ. ಸಾಗಿಸಲು ಸಮಯವೇ ಸಿಗದಿದ್ದರೆ ಕಣ್ಣಿ ಬಿಚ್ಚಿಬಿಡಿ. ಕಟ್ಟಿದ ದನ ಈಜಿ ಉಳಿಯಲಾರದು.

ಇಷ್ಟನ್ನೂ ನಿಮ್ಮಷ್ಟಕ್ಕೇ ಮಾಡಬೇಡಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ವಿಪತ್ತು ನಿರ್ವಹಣಾ ಪ್ರಾಧಿಕಾರವಿದೆ. ನಿಮ್ಮ ಪಟ್ಟಿಯ ಒಂದು ಪ್ರತಿ ಪಂಚಾಯಿತಿಯ ಪಿಡಿಒ ಅವರ ಬಳಿ, ಒಂದು ಗ್ರಾಮ ಆಡಳಿತಾಧಿಕಾರಿಗಳ ಬಳಿ, ಒಂದು ತಹಶೀಲ್ದಾರರ ಕಚೇರಿಯಲ್ಲಿ ಇರಲಿ. ಕಾಳಜಿ ಕೇಂದ್ರ ಎಲ್ಲಿ ತೆರೆಯುತ್ತಾರೆಂದು ಈಗಲೇ ಕೇಳಿ, ಆ ಕಟ್ಟಡಕ್ಕೆ ಹೋಗಿ ಶೌಚಾಲಯದಲ್ಲಿ ನೀರು ಬರುತ್ತದೆಯೇ, ಹೆಂಗಸರಿಗೆ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಇದೆಯೇ, ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಕಣ್ಣಾರೆ ನೋಡಿ ಬನ್ನಿ. (ಇವನ್ನು ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದರು; ಕಾಳಜಿ ಎಂಬ ಹೊಸ ಹೆಸರು ನನಗೆ ಇಷ್ಟವಾಗಿದೆ, ಮನೆ ಕಳೆದುಕೊಂಡು ಬಂದವರಿಗೆ ಗಂಜಿಯೊಂದೇ ಸಾಲುವುದಿಲ್ಲ.) ಕೊನೆಗೆ ಒಂದು ಭಾನುವಾರ ಅಣಕು ಕಾರ್ಯಾಚರಣೆ ಮಾಡಿ: ಡಂಗುರ ಹೊಡೆಸಿ ಅಥವಾ ಗುಡಿಯ ಮೈಕಿನಲ್ಲಿ ಕೂಗಿಸಿ, ಕಡೆಯ ಮನೆಯವರು ಎತ್ತರದ ಜಾಗ ತಲುಪಲು ಎಷ್ಟು ಹೊತ್ತು ಬೇಕಾಯಿತೆಂದು ಗಡಿಯಾರ ಹಿಡಿದು ನೋಡಿ. ಪಟ್ಟಿಯಲ್ಲಿರುವ ತಪ್ಪುಗಳು ಅಂದೇ ಹೊರಬೀಳುತ್ತವೆ.

ಪ್ರಶ್ನೆ: ಎಲ್ಲಾದರೂ ನೆರೆ ಬಂದರೆ ನಮ್ಮ ಕಚೇರಿಯ ಗೆಳೆಯರೆಲ್ಲ ಸೇರಿ ಒಂದು ಲಾರಿ ತುಂಬ ಸಾಮಾನು ಕಳುಹಿಸುತ್ತೇವೆ. ಏನು ಕಳುಹಿಸಿದರೆ ನಿಜವಾಗಿ ಉಪಯೋಗವಾಗುತ್ತದೆ?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ಮೊದಲು ಒಂದು ಫೋನ್ ಕರೆ. ಆ ತಾಲ್ಲೂಕಿನ ಆಡಳಿತಕ್ಕೋ ಅಲ್ಲಿ ಕೆಲಸ ಮಾಡುತ್ತಿರುವ ತಂಡಕ್ಕೋ ಕರೆ ಮಾಡಿ ಏನು ಬೇಕೆಂದು ಕೇಳಿ, ಬೇಕಾದದ್ದನ್ನಷ್ಟೇ ತುಂಬಿ. ನಾನಿದ್ದ ಕೇಂದ್ರದ ಒಂದು ತರಗತಿ ಕೋಣೆ ನಾಲ್ಕನೆಯ ದಿನಕ್ಕೆ ಹಳೆಯ ಬಟ್ಟೆಗಳಿಂದ ತುಂಬಿಹೋಗಿತ್ತು; ಅವನ್ನು ಬೇರ್ಪಡಿಸಲು ಆರು ಮಂದಿ ಸ್ವಯಂಸೇವಕರು ಎರಡು ದಿನ ಕೂತರು; ಮಳೆಯಲ್ಲಿ ನೆನೆದ ಗಂಟುಗಳು ಮುಗ್ಗಲು ಹಿಡಿದವು. ಕೊಟ್ಟವರ ಮನಸ್ಸು ಒಳ್ಳೆಯದೇ, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಎರಡು ದಿನ ಆ ಆರು ಮಂದಿ ಬೇರೆ ಕೆಲಸಕ್ಕೆ ಸಿಗಲಿಲ್ಲ, ಮತ್ತು ಅದೇ ಕೇಂದ್ರದಲ್ಲಿ ಹೆಂಗಸರಿಗೆ ಸ್ಯಾನಿಟರಿ ಪ್ಯಾಡ್ ಇರಲಿಲ್ಲ, ಹೊಸ ಒಳಉಡುಪು ಇರಲಿಲ್ಲ. ಕೇಳಲು ಅವರಿಗೆ ಸಂಕೋಚ. ಕೇಳಬೇಕೆಂದು ನಮಗೆ ಹೊಳೆದಿರಲಿಲ್ಲ. ಆ ಮಾತು ಇಂದಿಗೂ ನನ್ನನ್ನು ಕಾಡುತ್ತದೆ.

ಟಾರ್ಪಾಲು, ಹೊದಿಕೆ, ಸೊಳ್ಳೆ ಪರದೆ, ಟಾರ್ಚು, ಹೊಸ ಒಳಉಡುಪು, ಪ್ಯಾಡು, ಮಕ್ಕಳ ಡೈಪರು ಇವು ಸಾಮಾನ್ಯವಾಗಿ ಸಾಲದೇ ಹೋಗುವ ವಸ್ತುಗಳು. ಪ್ರತಿ ಪೆಟ್ಟಿಗೆಯಲ್ಲೂ ಒಂದೇ ಬಗೆಯ ಸಾಮಾನು ಇಟ್ಟು, ಏನಿದೆ, ಎಷ್ಟಿದೆ ಎಂದು ದೊಡ್ಡ ಕನ್ನಡ ಅಕ್ಷರಗಳಲ್ಲಿ ಹೊರಗೆ ಬರೆಯಿರಿ. ದೂರದಿಂದ ನೆರವಾಗುವವರಿಗೆ ಹಣ ಕೊಡುವುದೇ ಹೆಚ್ಚಿನ ಸಲ ಉತ್ತಮ, ಏಕೆಂದರೆ ಹತ್ತಿರದ ಪಟ್ಟಣದ ಅಂಗಡಿಯಲ್ಲಿ ಬೇಕಾದದ್ದನ್ನು ಬೇಕಾದಷ್ಟೇ ಕೊಳ್ಳಬಹುದು ಮತ್ತು ಅಲ್ಲಿನ ವ್ಯಾಪಾರಕ್ಕೂ ಆಸರೆಯಾಗುತ್ತದೆ. ಇನ್ನೊಂದು ವಿನಂತಿ: ಲಾರಿಯನ್ನು ಮೊದಲ ವಾರವೇ ಕಳುಹಿಸಬೇಕಿಲ್ಲ. ನೀರಿಳಿದು ಜನ ಮನೆಗೆ ಮರಳಿದಾಗ ಮೊಣಕಾಲುದ್ದ ಕೆಸರು ಕಾದಿರುತ್ತದೆ. ಆಗ ಸನಿಕೆ, ಬುಟ್ಟಿ, ಪೊರಕೆ, ಬ್ಲೀಚಿಂಗ್ ಪುಡಿ, ರಬ್ಬರ್ ಬೂಟು, ಪಾತ್ರೆ, ಶಾಲೆಯ ಪುಸ್ತಕ ಬೇಕು, ಹಾಗೂ ಎರಡು ದಿನ ಕೆಸರು ಎತ್ತುವ ಇಪ್ಪತ್ತು ಜೋಡಿ ಕೈ ಬೇಕು. ಅಷ್ಟು ಹೊತ್ತಿಗೆ ಸುದ್ದಿ ವಾಹಿನಿಗಳೂ ಲಾರಿಗಳೂ ಹೋಗಿಬಿಟ್ಟಿರುತ್ತವೆ. ನಿಮ್ಮ ಗೆಳೆಯರು ಆ ಮೂರನೆಯ ವಾರಕ್ಕೆ ಬರುವುದಾದರೆ ಬಹಳ ದೊಡ್ಡ ಉಪಕಾರ. ಬರುವಾಗ ಬೂಟು ಮರೆಯಬೇಡಿ. ಕೆಸರುನೀರಿನಿಂದ ಇಲಿ ಜ್ವರ ಹರಡುತ್ತದೆ, ಕಾಲಿನ ಸಣ್ಣ ಗಾಯವೂ ಅದಕ್ಕೆ ದಾರಿಯಾಗುತ್ತದೆ.

ಪ್ರಶ್ನೆ: ನನಗೆ 22 ವರ್ಷ, ಈಜು ಬರುತ್ತದೆ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಅಲ್ಲಿಗೆ ಹೋಗಬೇಕೆನಿಸಿತ್ತು, ಮನೆಯಲ್ಲಿ ಬಿಡಲಿಲ್ಲ. ಸರಿಯಾದ ತರಬೇತಿ ಪಡೆಯುವುದು ಹೇಗೆ?
— ಒಬ್ಬ ವಿದ್ಯಾರ್ಥಿ, ಕುಮಟಾ

ಉತ್ತರ: ನಿಮ್ಮ ಮನೆಯವರು ಸರಿಯಾದುದನ್ನೇ ಮಾಡಿದರು. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಜುಲೈ 16ರಂದು ಗುಡ್ಡದ ಮಣ್ಣು ರಾಷ್ಟ್ರೀಯ ಹೆದ್ದಾರಿ 66ನ್ನು ಮುಚ್ಚಿ ಗಂಗಾವಳಿ ನದಿಗೆ ಇಳಿದಿತ್ತು. ಒಂದು ಕಡೆ ಇನ್ನೂ ಜರಿಯಬಹುದಾದ ಗುಡ್ಡ, ಇನ್ನೊಂದು ಕಡೆ ಮಳೆಗಾಲದ ಸೆಳೆತದ ನದಿ. ಅಂಥ ಜಾಗದಲ್ಲಿ ತರಬೇತಿಯಿಲ್ಲದ ಒಬ್ಬ ಉತ್ಸಾಹಿ ಹುಡುಗ ರಕ್ಷಣಾ ತಂಡದ ಪಾಲಿಗೆ ರಕ್ಷಿಸಬೇಕಾದ ಇನ್ನೊಂದು ಜೀವವಾಗಿಬಿಡುತ್ತಾನೆ. ಕೆರೆಯಲ್ಲಿ ಈಜುವುದು ಬೇರೆ, ಹರಿಯುವ ನೀರು ಬೇರೆ. ರಭಸವಾಗಿ ಹರಿಯುವ ನೀರು ಬರೀ 15 ಸೆಂಟಿಮೀಟರ್ ಆಳವಿದ್ದರೂ ನಿಂತ ಮನುಷ್ಯನ ಕಾಲು ಕೀಳಬಲ್ಲದು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ನೆರೆಪೀಡಿತ 30 ಜಿಲ್ಲೆಗಳಲ್ಲಿ 6,000 ಮಂದಿಯನ್ನು ಸಜ್ಜುಗೊಳಿಸಲು ‘ಆಪದ ಮಿತ್ರ’ ಯೋಜನೆಯನ್ನು ಆರಂಭಿಸಿತು. ಬಳಿಕ ಅದನ್ನು 350 ಜಿಲ್ಲೆಗಳ ಒಂದು ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸಿತು. ಹನ್ನೆರಡು ದಿನಗಳ ಆ ತರಬೇತಿಯಲ್ಲಿ ನೆರೆ ರಕ್ಷಣೆ, ಹಗ್ಗದ ಗಂಟುಗಳು, ಪ್ರಥಮ ಚಿಕಿತ್ಸೆ, ಹುಡುಕಾಟ ಮುಂತಾದವನ್ನು ಕಲಿಸುತ್ತಾರೆ. ಎನ್‌ಎಸ್‌ಎಸ್, ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್‌ನಂಥ ಸಂಘಟನೆಗಳ ಯುವಜನರಿಗಾಗಿ ‘ಯುವ ಆಪದ ಮಿತ್ರ’ ಎಂಬ ಯೋಜನೆಯೂ ಬಂದಿದೆ. ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ನಿಮ್ಮ ಹೆಸರು ಕೊಟ್ಟು ಮುಂದಿನ ತಂಡದ ವಿಚಾರ ಕೇಳಿ; ಗೃಹರಕ್ಷಕ ದಳದಲ್ಲೂ ವಿಚಾರಿಸಿ. ಅಲ್ಲಿಯವರೆಗೆ ಒಂದು ಪಾಠ ಇರಲಿ: ಮುಳುಗುತ್ತಿರುವವರನ್ನು ಕಂಡ ಕೂಡಲೇ ನೀರಿಗೆ ಹಾರಬೇಡಿ. ಹಗ್ಗ, ಬಿದಿರು ಗಳ, ಬಾಯಿ ಮುಚ್ಚಿದ ಖಾಲಿ ಕ್ಯಾನು, ಕೈಗೆ ಸಿಕ್ಕ ತೇಲುವ ವಸ್ತುವನ್ನು ದಡದಿಂದಲೇ ಎಸೆಯಿರಿ, ಮತ್ತು ಪಕ್ಕದವರಿಂದ 112ಕ್ಕೆ ಕರೆ ಮಾಡಿಸಿ.

ಪ್ರಶ್ನೆ: ಮನೆಯ ಹಿಂದೆ ಎತ್ತರದ ಬರೆ (ಕಡಿದಾದ ಮಣ್ಣಿನ ದಿಬ್ಬ) ಇದೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಂದಿನಿಂದ ಮಳೆ ಜೋರಾದರೆ ನಿದ್ದೆ ಬರುವುದಿಲ್ಲ. ಯಾವಾಗ ಮನೆ ಬಿಡಬೇಕು?
— ಒಬ್ಬ ಗೃಹಿಣಿ, ಮಡಿಕೇರಿ ತಾಲ್ಲೂಕು

ಉತ್ತರ: ಅನುಮಾನ ಬಂದಾಗಲೇ ಬಿಡಿ, ಬಿಟ್ಟು ಬಂದ ಮೇಲೆ ಏನೂ ಆಗದಿದ್ದರೆ ಅದು ನಷ್ಟವಲ್ಲ. ನೆಲದಲ್ಲಿ ಅಥವಾ ಗೋಡೆಯಲ್ಲಿ ಹೊಸ ಬಿರುಕು, ಮರ ಮತ್ತು ಕರೆಂಟು ಕಂಬ ವಾಲುವುದು, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಸಿಕ್ಕಿಕೊಳ್ಳುವುದು, ಬರೆಯ ಬುಡದಲ್ಲಿ ಹೊಸದಾಗಿ ನೀರು ಜಿನುಗುವುದು, ತಿಳಿಯಾಗಿದ್ದ ತೋಡಿನ ನೀರು ಕೆಂಪಾಗುವುದು ಅಥವಾ ಮಳೆ ಸುರಿಯುತ್ತಿರುವಾಗಲೇ ತೋಡು ಹಠಾತ್ತನೆ ಬತ್ತುವುದು ಅಪಾಯದ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಬೆಳಕಿರುವಾಗಲೇ ಹೊರಡಿ. ಎರಡು ಮೂರು ದಿನ ಬಿಡದೆ ಸುರಿದಿದ್ದರೆ ಬರೆಯ ಕಡೆಯ ಕೋಣೆಯಲ್ಲಿ ಯಾರೂ ಮಲಗಬಾರದು. ಹೋಗುವ ಮನೆ ಯಾವುದೆಂದು ಈಗಲೇ ಅವರೊಡನೆ ಮಾತಾಡಿಟ್ಟುಕೊಳ್ಳಿ; ಪಹಣಿ, ಆಧಾರ್, ಪಾಸ್‌ಬುಕ್, ಔಷಧಿ ಚೀಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಗಿಲ ಬಳಿ ತೂಗುಹಾಕಿರಿ.

ಪ್ರಶ್ನೆ: ಒಂದು ರಕ್ಷಣಾ ಕಾರ್ಯದಲ್ಲಿ ಮಗುವಿನ ಶವವನ್ನು ನಾನೇ ಎತ್ತಿದೆ. ಆರು ತಿಂಗಳಾಯಿತು. ಊಟಕ್ಕೆ ಕೂತರೆ ಅದೇ ಕಣ್ಣ ಮುಂದೆ ಬರುತ್ತದೆ. ಜೊತೆಯವರಿಗೆ ಹೇಳಿದರೆ ಹೆದರುಪುಕ್ಕಲ ಎಂದುಕೊಳ್ಳುತ್ತಾರೆಂಬ ಭಯ.
— ಒಬ್ಬ ಸ್ವಯಂಸೇವಕ, ಹೆಸರು ಬೇಡ

ಉತ್ತರ: ತಮ್ಮಾ, ನೀವು ಆ ಮಗುವನ್ನು ಅದರ ತಾಯಿಯ ಬಳಿಗೆ ತಲುಪಿಸಿದಿರಿ. ಆ ಕೆಲಸದ ಭಾರ ಇದು, ಪುಕ್ಕಲುತನವಲ್ಲ. ಸೇನೆಯವರಿಗೂ ಅಗ್ನಿಶಾಮಕ ಸಿಬ್ಬಂದಿಗೂ ಹೀಗಾಗುತ್ತದೆ, ಮತ್ತು ಇದಕ್ಕೆ ಚಿಕಿತ್ಸೆ ಇದೆ. ಆರು ತಿಂಗಳಾದರೂ ಕಡಿಮೆಯಾಗದಿದ್ದಲ್ಲಿ ಇನ್ನು ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅವರು ಮುಂದಿನ ದಾರಿ ತೋರಿಸುತ್ತಾರೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೂ ಹೋಗಬಹುದು.

ಸ್ವಯಂಸೇವಕ ತಂಡ ನಡೆಸುವ ಹಿರಿಯರಿಗೂ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. ಶವ ಎತ್ತುವ ಕೆಲಸಕ್ಕೆ ಒಬ್ಬನನ್ನೇ ಮತ್ತೆ ಮತ್ತೆ ಕಳುಹಿಸಬೇಡಿ. ಅದರಲ್ಲೂ ಎಳೆಯ ಹುಡುಗರನ್ನು. ಪ್ರತಿ ಸಂಜೆ ತಂಡವನ್ನು ಕೂರಿಸಿ, ಬಿಸಿ ಊಟ ಹಾಕಿ, ಅಂದು ಏನು ಕಂಡಿರಿ ಎಂದು ಕೇಳಿ. ಹೇಳುವವರು ಹೇಳಲಿ, ಸುಮ್ಮನಿರುವವರು ಸುಮ್ಮನಿರಲಿ. ತಿಂಗಳಾದ ಮೇಲೆ ಸುಮ್ಮನಿದ್ದವರ ಮನೆಗೆ ಒಮ್ಮೆ ಹೋಗಿ ಬನ್ನಿ. ತಮ್ಮಾ, ನೀವು ನಿಮ್ಮ ವಿಳಾಸ ಬರೆದಿಲ್ಲ. ಬರೆಯಬೇಕೆನಿಸಿದರೆ ಈ ಪತ್ರಿಕೆಯ ವಿಳಾಸಕ್ಕೇ ಬರೆಯಿರಿ, ಅದನ್ನು ಪ್ರಕಟಿಸುವುದಿಲ್ಲ. ಉತ್ತರವನ್ನು ನಾನೇ ಕೈಯಾರೆ ಬರೆದು ಕಳುಹಿಸುತ್ತೇನೆ.